ಎರಡು ಬೆರಳು ಗಿಡ್ಡ ಹೊಸ್ತಿಲು

ನಮ್ಮ ಅತ್ತಿಗೆಯ ಕೊರಳಲ್ಲಿ ತೂಗುವ ಟೇಪು ಈ ಭೂಮಿಯ ಮೇಲೆ ಒಮ್ಮೆಯೂ ತಪ್ಪಿದ್ದಿಲ್ಲ. ಭೂಮಿಯದೇ ಸುತ್ತಳತೆ ಬೇಕಾಗಿದ್ದವರು ಯಾರ್ಯಾರನ್ನೋ ಕೇಳಿಕೊಂಡು ಅಲೆದರು. ಅತ್ತಿಗೆಯನ್ನು ಕೇಳಿದ್ದರೆ ಸೊಂಟದ ಪಟ್ಟಿಗೆ ಬಿಡುವ ಬಟ್ಟೆಯನ್ನೂ ಸೇರಿಸಿ ಹೇಳಿಬಿಡುತ್ತಿದ್ದರು. ಗಿರಾಕಿ ಬೀದಿಯ ಆ ತುದಿಯಲ್ಲಿ ತಿರುಗುತ್ತಿರುವಾಗಲೇ ಅವನ ಭುಜ ಎಷ್ಟು, ತೋಳು ಎಷ್ಟು, ಕಳೆದ ಸಲಕ್ಕಿಂತ ಹೊಟ್ಟೆ ಎಷ್ಟು ಮುಂದೆ ಬಂದಿದೆ ಎಂಬುದೆಲ್ಲ ಅವರ ಕಣ್ಣಿಗೆ ಸಿಕ್ಕಿಬಿಟ್ಟಿರುತ್ತದೆ. ಅವನು ಬಾಗಿಲಿಗೆ ಬರುವಷ್ಟರಲ್ಲಿ ಅಂಗಿ ತಯಾರು. ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆಂದು ಬೀದಿಯವರ ದೂರು ಇದೆ. ಇದರಲ್ಲಿ ಜಾಸ್ತಿ ಏನೂ ಇಲ್ಲ. ಕಾಲರ್ ಕೂರಿಸಿರುವುದಿಲ್ಲ, ಅಷ್ಟೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಬೀದಿಗೆಲ್ಲ ಟೇಲರಮ್ಮ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ; ಆ ಕಡೆ ಹೊಲಿಗೆ ಯಂತ್ರ ಓಡಿದರೆ ಈ ಕಡೆ ನಮ್ಮ ಲೋಟಗಳು ಕುಣಿಯುತ್ತವೆ. ಬೀದಿಗೆ ತೆರೆಯುವ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬೆಳಕಿಗೆ ಯಂತ್ರ, ಗೋಡೆಗೊತ್ತಿ ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಇಸ್ತ್ರಿ, ನೆಲದ ತುಂಬ ಚಿಂದಿ, ದಾರ. ಅದರ ಹಿಂದೆ ಮಲಗುವ ಕೋಣೆ, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಬೇರೆಯವರ ಗೋಡೆ. ಅಂದರೆ ಆ ಮನೆಗೆ ಹೊರಬಾಗಿಲು ಒಂದೇ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಎರಡು ಬಾಗಿಲಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅಣ್ಣ ಬಸ್ ಡ್ರೈವರ್ ಆಗಿದ್ದವನು. ಕೆಳಗೆ ನೋಡಿದರೆ ಪಾತಾಳ, ಮೇಲೆ ನೋಡಿದರೆ ಉರುಳಲು ಕಾಯುತ್ತಿರುವ ಬಂಡೆ, ಅಂಥ ಬೆಟ್ಟದ ತಿರುವುಗಳಲ್ಲಿ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬೆನ್ನು ಕೆರೆದುಕೊಂಡವನು. ಪ್ರಯಾಣಿಕರು ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರಂತೆ. ಇವನೂ ಒಮ್ಮೊಮ್ಮೆ ಮುಚ್ಚಿಕೊಳ್ಳುತ್ತಿದ್ದ ಎಂದು ಅವನ ಕಂಡಕ್ಟರ್ ಹೇಳುತ್ತಿದ್ದ. ನಿವೃತ್ತಿಯಾದ ಮೇಲೆ ಸಂಜೆಯಾದರೆ ಬೀದಿ ಮೂಲೆಯ ಕಲ್ಲುಬೆಂಚಿಗೆ ಹೊರಡುತ್ತಿದ್ದ. ಅಲ್ಲಿ ನಾವು ಕೆಲವರು ಮುದುಕರು ಕೂತು ಪ್ರಪಂಚವನ್ನು ದಿನಕ್ಕೊಂದು ಸಲ ಬಿಚ್ಚಿ, ಒರೆಸಿ, ಮತ್ತೆ ಜೋಡಿಸುತ್ತೇವೆ. ಸ್ಕ್ರೂ ಬಿಗಿಮಾಡುವ ಕೆಲಸ ಅಣ್ಣನದು.

ಅಂಥವನನ್ನು ಕೆಡವಿದ್ದು ಮನೆಯ ಹೊಸ್ತಿಲು. ಒಂದು ಸಂಜೆ ಬೆಂಚಿಗೆ ಹೊರಟವನು ಹೊಸ್ತಿಲ ಮೇಲೆ ಹಿಮ್ಮಡಿ ಊರಿದ; ಮರ ನೆನೆದ ಬಿಸ್ಕತ್ತಿನ ಹಾಗೆ ಪುಸಕ್ಕೆಂದು ಕುಸಿದು, ಕಾಲು ಗಿಣ್ಣಿನವರೆಗೆ ಒಳಗೆ ಹೋಯಿತು. ಅರ್ಧ ದೇಹ ಮನೆಯಲ್ಲಿ, ಅರ್ಧ ಬೀದಿಯಲ್ಲಿ ಬಿದ್ದುಕೊಂಡು ಅವನು ಕೂಗಿದ ಕೂಗಿಗೆ ಮೂರು ಬೀದಿಯಾಚೆ ಅಂಗಡಿಗಳ ಬಾಗಿಲು ಎಳೆದರಂತೆ.

ಗಿಣ್ಣಿಗೆ ಪ್ಲಾಸ್ಟರ್ ಹಾಕಿದರು, ಬಿಚ್ಚಿದರು. ಮೂಳೆ ಕೂಡಿಕೊಂಡಿತು. ಡಾಕ್ಟರು ಚೆನ್ನಾಗಿ ಓಡಾಡಿ ಅಂದರು. ಅಣ್ಣ ಚೆನ್ನಾಗಿಯೇ ಓಡಾಡಿದ: ಯಂತ್ರದಿಂದ ಒಲೆಯವರೆಗೆ, ಒಲೆಯಿಂದ ಯಂತ್ರದವರೆಗೆ. ಬಾಗಿಲ ಹತ್ತಿರ ಬಂದ ಕೂಡಲೇ ಬ್ರೇಕು. ಗಿರಾಕಿಗಳು ಬೀಳದಿರಲೆಂದು ಅತ್ತಿಗೆ ಹೊಸ್ತಿಲ ಮೇಲೆ ಹಳೆಯ ಇಸ್ತ್ರಿ ಹಲಗೆ ಹಾಸಿದ್ದರು. ಬೀದಿಯೆಲ್ಲ ಅದರ ಮೇಲೆ ನಡೆದರೂ ಅಣ್ಣ ಮಾತ್ರ ಒಪ್ಪಲಿಲ್ಲ.

"ಅದರ ಮೇಲೆ ಕಾಲಿಡೋಕೆ ನಾನೇನು ಷರ್ಟಾ?" ಅಂದ.

ಮನೆಯಲ್ಲಿ ಕೂತ ಡ್ರೈವರ್ ಸುಮ್ಮನಿರುತ್ತಾನೆಯೇ? ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಅತ್ತಿಗೆಯ ಹೊಲಿಗೆಗೆ ದಾರಿ ತೋರಿಸತೊಡಗಿದ. "ಎಡಕ್ಕೆ... ಎಡಕ್ಕೆ... ಹಾಂ, ನೇರ ಬಾ... ತಿರುವಿದೆ, ನಿಧಾನ... ಬ್ರೇಕ್ ಹಾಕೇ!" ಅತ್ತಿಗೆ ಹಲ್ಲುಕಚ್ಚಿ ತೋಳು ಮುಗಿಸುತ್ತಿದ್ದರು. "ನಿಮ್ಮಣ್ಣನ ಕಾಟ ತಡೆಯೋಕಾಗ್ತಿಲ್ಲ ಕಣಪ್ಪಾ. ನಿನ್ನೆ ಒಂದು ಜೇಬಿಗೆ ಹಾರ್ನ್ ಹೊಡೆದ್ರು," ಎಂದು ನನ್ನ ಹತ್ತಿರ ದೂರು ಹೇಳುತ್ತಿದ್ದರು.

ನಾವಿಬ್ಬರೂ ನಗುತ್ತಿದ್ದೆವು. ಆದರೆ ಸಂಜೆ ಮೂಲೆಯ ಬೆಂಚಿನಿಂದ ನಗು ಕೇಳಿಬಂದಾಗ ಅಣ್ಣ ಎದ್ದು ಹೋಗಿ ರೇಡಿಯೋ ಜೋರು ಮಾಡುತ್ತಿದ್ದ. ಆಗ ಅತ್ತಿಗೆಯ ಕಾಲು ಯಂತ್ರದ ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಒಂದು ದಿನ ಅಣ್ಣ ಮಲಗಿದ್ದಾಗ ಅವನ ನೀಲಿ ಅಂಗಿಯನ್ನು ನನ್ನ ಮುಂದೆ ಹಿಡಿದರು. "ನೋಡು. ಪಕ್ಕಗಳನ್ನ ಒಳಗೆ ಹಿಡಿದು ಹೊಲಿದಿದ್ದೀನಿ. ಸೊರಗಿ ಸೊರಗಿ ಇದು ಎರಡನೇ ಸಲ. ಇನ್ನೊಂದು ಸಲ ಹಿಡಿದ್ರೆ ಎರಡು ಜೇಬು ಒಂದಕ್ಕೊಂದು ತಾಗುತ್ತೆ."

ನನಗೆ ನಗೆಚಾಟಿಕೆ ಹೊಳೆಯಲಿಲ್ಲ. ಇಂಥದ್ದು ನನ್ನ ಜೀವಮಾನದಲ್ಲಿ ಹೆಚ್ಚು ಸಲ ಆಗಿಲ್ಲ.

"ಹೊಸ್ತಿಲು ಹೊಸದಾಗಬೇಕು, ಅವರು ಹೊರಗೆ ಬೀಳಬೇಕು. ಮಿಕ್ಕಿದ್ದೆಲ್ಲ ಆಮೇಲೆ," ಅಂದರು ಅತ್ತಿಗೆ.

ಹೊಸ್ತಿಲು ಹೊಸದಾಗಬೇಕಾದರೆ ಬಡಗಿ ಬರಬೇಕು. ನಮ್ಮ ಬಡಗಿಯ ಅಡ್ಡಹೆಸರು ಒಂದ್ನಿಮಿಷ. ಯಾವಾಗ ಕರೆದರೂ "ಒಂದ್ನಿಮಿಷ, ಬಂದೆ" ಅನ್ನುತ್ತಾನೆ. ಆ ನಿಮಿಷದೊಳಗೆ ಮಕ್ಕಳು ಹುಟ್ಟಿ, ಶಾಲೆ ಮುಗಿಸಿ, ಕೆಲಸಕ್ಕೆ ಸೇರಿದ್ದುಂಟು. ಒಬ್ಬರು ತೊಟ್ಟಿಲು ಮಾಡಿಸಲು ಕೊಟ್ಟಿದ್ದರು. ಅದು ಬಂದಾಗ ಮಗು ತೊಟ್ಟಿಲನ್ನು ತಾನೇ ಹೆಗಲ ಮೇಲೆ ಹೊತ್ತು ಒಳಗಿಟ್ಟಿತು.

ಅತ್ತಿಗೆ ಕರೆದರು, ಹೇಳಿಕಳಿಸಿದರು, ತಾವೇ ಹೋಗಿ ಗದರಿಸಿ ಬಂದರು. ಬಡಗಿ ಬರಲಿಲ್ಲ. ಆದರೆ ಅವನದೊಂದು ಪ್ಯಾಂಟು ಅತ್ತಿಗೆಯ ಹತ್ತಿರ ಹೊಲಿಗೆಗಿತ್ತು. ಅವರು ಅದರ ಬಲಗಾಲು ಮಾತ್ರ ಹೊಲಿದು ಕಿಟಕಿಗೆ, ಬೀದಿಗೆ ಕಾಣುವ ಹಾಗೆ, ನೇತುಹಾಕಿದರು.

ಮರುದಿನವೇ ಬಡಗಿ ಕಿಟಕಿಯ ಮುಂದೆ ಹಾಜರ್. "ಏನಕ್ಕಾ ಇದು, ಒಂಟಿಕಾಲು?"

"ಒಂದ್ನಿಮಿಷ ಕಣೋ. ಇನ್ನೊಂದು ಕಾಲು ಹೊಸ್ತಿಲು ಕೂತ ಮೇಲೆ."

"ಬೀದಿ ಜನ ನಗ್ತಾರೆ ಅಕ್ಕಾ. ನನ್ನ ಅರ್ಧ ಮಾನ ಅಲ್ಲಿ ನೇತಾಡ್ತಿದೆ."

"ಇನ್ನರ್ಧ ಉಳಿಸ್ಕೊಬೇಕಾದ್ರೆ ಮರ ಕೊಯ್ಯಿ. ಅಳತೆ ನಾನೇ ತಂದುಕೊಡ್ತೀನಿ. ನೀನು ಬಂದು ಅಳೆಯೋಷ್ಟರಲ್ಲಿ ಮನೇನೇ ಕೊಳೆತಿರುತ್ತೆ."

ಇಲ್ಲಿ ಹಿಂದಿನ ಒಂದು ಸಂಗತಿ ಹೇಳಬೇಕು. ಬಟ್ಟೆ ಕತ್ತರಿಸುವ ಆ ಮೇಜನ್ನು ಮಾಡಿದವನೂ ಇದೇ ಬಡಗಿ. ಆಗಲೂ ಅತ್ತಿಗೆಯೇ ಅಳತೆ ಹೇಳಿದ್ದರು. ಟೇಪು ಗೋಡೆಯಿಂದ ಗೋಡೆಗೆ ಸರಿಯಾಗಿಯೇ ಅಳೆಯಿತು. ಆದರೆ ದರ್ಜಿಯ ಬಾಯಿಗೆ ಒಂದು ಅಭ್ಯಾಸ: ಯಾವ ಅಳತೆ ಹೇಳಿದರೂ ಹೊಲಿಗೆಯೊಳಗೆ ಹೋಗುವ ಅಂಚಿಗೆಂದು ಎರಡು ಬೆರಳು ಸೇರಿಸಿಯೇ ಹೇಳುವುದು. ಮೇಜಿಗೂ ಸೇರಿಸಿ ಹೇಳಿದರು. ಮೇಜು ಒಳಗೆ ಬಂತು, ಓರೆಯಾಗಿ ಸಿಕ್ಕಿಕೊಂಡಿತು. ಅದನ್ನು ಹಿಂದಕ್ಕೆ ಎಳೆಯಲೂ ಆಗದೆ, ಮುಂದಕ್ಕೆ ತಳ್ಳಲೂ ಆಗದೆ, ಅಣ್ಣ ಸ್ವಲ್ಪ ಕಾಲ ಅದರ ಕೆಳಗೆ ತೆವಳಿಕೊಂಡು ಊಟಕ್ಕೆ ಹೋಗುತ್ತಿದ್ದ. ಬಡಗಿ ಬಂದು ತುದಿ ಕೊಯ್ದ. "ಅಕ್ಕಾ, ಮರಕ್ಕೂ ಅಂಚು ಮಡಚ್ತೀರಾ?" ಎಂದು ಅವನು ಬೀದಿಯೆಲ್ಲ ಕೇಳಿಸುವ ಹಾಗೆ ನಕ್ಕಿದ್ದ.

ಈಗ ಹೊಸ್ತಿಲಿಗೆ ಬರೋಣ. ಅತ್ತಿಗೆ ಇಸ್ತ್ರಿ ಹಲಗೆ ಸರಿಸಿ, ದಬ್ಬಳ ಹಿಡಿದು ಮಂಡಿಯೂರಿ ಕೂತರು. ಹೊಸ್ತಿಲ ಉದ್ದಕ್ಕೂ ಚುಚ್ಚಿದರು. ಅರ್ಧ ದಾಟಿದ ಮೇಲೆ ದಬ್ಬಳ ಸ್ಪಂಜಿನೊಳಗೆ ಇಳಿದ ಹಾಗೆ ಇಳಿಯಿತು. ಬಾಗಿಲ ಚೌಕಟ್ಟಿನ ಎರಡು ಕಂಬಗಳ ಬುಡಕ್ಕೆ ಚುಚ್ಚಿದರು, ದಬ್ಬಳವೇ ಬಾಗಿತು. ಅಂದರೆ ಕಂಬ ಗಟ್ಟಿ, ಹೊಸ್ತಿಲು ಮಾತ್ರ ಹೋಗಿದೆ. ಈ ಕಂಬದ ಹೊರಅಂಚಿನಿಂದ ಆ ಕಂಬದ ಹೊರಅಂಚಿಗೆ ಟೇಪು ಎಳೆದು, ಅಗಲ, ದಪ್ಪ ಎಲ್ಲ ನೋಡಿಕೊಂಡು, ಹೇಳಿಬರಲು ಬಡಗಿ ಮರಗೆಲಸ ಮಾಡುವ ಕೊಟ್ಟಿಗೆಗೆ ಹೋದರು.

ಅವನು ನಿಮಿಷವನ್ನು ಆದಷ್ಟು ಚಿಕ್ಕದು ಮಾಡಿದ. ಕಿಟಕಿಯಲ್ಲಿ ಒಂಟಿಕಾಲಿನ ಪ್ಯಾಂಟು ಗಾಳಿಗೆ ಒದೆಯುತ್ತಿದ್ದರೆ ಯಾರಾದರೂ ಚುರುಕಾಗುತ್ತಾರೆ. ಒಂದು ಮಧ್ಯಾಹ್ನ ಹೊಸ ಹೊಸ್ತಿಲನ್ನು ಹೆಗಲ ಮೇಲೆ ಹೊತ್ತು ಬಂದ. ಚಂದದ ಗಟ್ಟಿ ಮರ, ಅಡಿಮೈಗೂ ಎಣ್ಣೆ ಬಳಿದಿದ್ದ, ನೀರು ಬೀದಿಯತ್ತ ಜಾರಿಹೋಗಲೆಂದು ಮೇಲ್ಮೈಯನ್ನು ಹೊರಗಡೆಗೆ ಸ್ವಲ್ಪ ಇಳಿಜಾರು ಮಾಡಿದ್ದ. ಅತ್ತಿಗೆ ಅದನ್ನು ಸೀರೆಯ ಬಟ್ಟೆ ಮುಟ್ಟಿ ನೋಡುವ ಹಾಗೆ ಬೆರಳ ತುದಿಯಿಂದ ಉಜ್ಜಿ, ತಲೆಯಾಡಿಸಿದರು. ಅಷ್ಟು ಹೊಗಳಿಕೆ ನನಗೆ ಇವತ್ತಿನವರೆಗೆ ಸಿಕ್ಕಿಲ್ಲ.

ಬಡಗಿ ಬಾಗಿಲನ್ನು ಕೀಲಿನಿಂದ ಬಿಚ್ಚಿ ಗೋಡೆಗೊರಗಿಸಿದ. ಕಂಬಗಳು ಅಲುಗದಂತೆ ನಡುವೆ, ಎದೆಯೆತ್ತರಕ್ಕೆ, ಒಂದು ಅಡ್ಡಪಟ್ಟಿ ಬಡಿದ. ಹಳೆ ಹೊಸ್ತಿಲನ್ನು ನಟ್ಟನಡುವೆ ಗರಗಸದಲ್ಲಿ ಕೊಯ್ದು, ಸಣ್ಣ ಹಾರೆ ಹಾಕಿ ಮೀಟಿದ. ಎಡ ಅರ್ಧ ಮರದ ಹಾಗೆ ಬಂತು. ಬಲ ಅರ್ಧವನ್ನು ಮೊರದಲ್ಲಿ ತುಂಬಬೇಕಾಯಿತು. ಅದರಲ್ಲಿ ಪುಟ್ಟ ನಾಯಿಕೊಡೆಗಳು ಎದ್ದಿದ್ದವು. ಅಡಿಯ ಮಣ್ಣಿನಲ್ಲಿ ಗುಂಡಿಗಳು, ಅಂಗಿಗೆ ಹಾಕುವ ಗುಂಡಿಗಳು, ಬಣ್ಣಬಣ್ಣದವು, ಒಂದು ಬಟ್ಟಲು ತುಂಬುವಷ್ಟು!

"ನೋಡೇ!" ಅಣ್ಣ ಕುರ್ಚಿಯಿಂದಲೇ ಕೂಗಿದ. "ಗುಂಡಿ ಕಳೆದಾಗಲೆಲ್ಲ ನನ್ನ ಮೇಲೆ ಹಾಕ್ತಿದ್ದೆಯಲ್ಲ! ಈಗ ಯಾರು ಕಳ್ಳ?"

"ಗುಡಿಸಿ ಅಂದಾಗ ಗುಡಿಸಿದವರು ಯಾರು? ಹೊಸ್ತಿಲಡಿಗೆ ತಳ್ಳಿದವರು ಯಾರು?" ಅಂದರು ಅತ್ತಿಗೆ. ಅಣ್ಣ ರೇಡಿಯೋದ ಕಡೆ ತಿರುಗಿದ.

ಬಡಗಿ ಜಾಗ ಕೆರೆದು ಚೊಕ್ಕಟ ಮಾಡಿ, ಹೊಸ ಹೊಸ್ತಿಲನ್ನು ಬೀದಿಯ ಕಡೆಯಿಂದ ಕಂಬಗಳ ಅಡಿಗೆ ತಳ್ಳಿದ. ಎಡಗಂಬ ಸಿಂಹಾಸನದ ಮೇಲೆ ಕೂತಂತೆ ಕೂತಿತು. ಬಲಗಂಬದ ಅರ್ಧ ಪಾದ ಗಾಳಿಯಲ್ಲಿ ನಿಂತಿತ್ತು. ಕಿಟಕಿಯ ಪ್ಯಾಂಟು, ಬಾಗಿಲ ಚೌಕಟ್ಟು, ಎರಡೂ ಈಗ ಒಂದೇ ಕಾಲಿನವು. ಹೊಸ್ತಿಲು ಸರಿಯಾಗಿ ಎರಡು ಬೆರಳು ಗಿಡ್ಡ.

ನಾನು ಅತ್ತಿಗೆಯ ಟೇಪಿನ ಬಗ್ಗೆ ಜಗತ್ತಿಗೆಲ್ಲ ಹೇಳಿಕೊಂಡು ತಿರುಗಿದವನು. ಬೀದಿಯ ಆಚೆ ಏನೋ ಮುಖ್ಯವಾದದ್ದು ಕಂಡವನಂತೆ ಆ ಕಡೆ ನೋಡುತ್ತ ನಿಂತೆ.

"ಅಕ್ಕಾ, ಅಳತೆ ತಪ್ಪು ಹೇಳಿದ್ರಿ," ಅಂದ ಬಡಗಿ.

"ನಾನಾ? ಕೂದಲೆಳೆ ಆಚೀಚೆ ಇಲ್ಲದೆ ಹೇಳಿದ್ದೀನಿ. ನೀನು ಕೊಯ್ದಿದ್ದು ಎಷ್ಟು?"

"ನೀವು ಹೇಳಿದ್ದರಲ್ಲಿ ಎರಡು ಬೆರಳು ಕಳೆದು ಕೊಯ್ದೆ."

"ಕಳೆದು? ಯಾಕೆ ಕಳೆದೆ?"

"ಮೇಜಿನ ಕಾಲದಿಂದ ಗೊತ್ತಲ್ಲ ಅಕ್ಕಾ! ನೀವು ಅಂಚಿಗೆ ಅಂತ ಸೇರಿಸಿ ಹೇಳ್ತೀರಿ. ನಾನು ಕಳೀತೀನಿ. ನಿಮ್ಮ ಮರ್ಯಾದೆ ಉಳೀಲಿ ಅಂತ ಬಾಯಿ ಬಿಟ್ಟು ಹೇಳಲಿಲ್ಲ."

"ಮೇಜಿನ ಕಾಲದಲ್ಲಿ ನೀನು ನಕ್ಕೆಯಲ್ಲ, ಅವತ್ತೇ ಬಿಟ್ಟೆ ಕಣೋ! ಮರಕ್ಕೆ ಅಂಚು ಸೇರಿಸಬಾರದು ಅಂತ ನಾಲಿಗೆ ಕಚ್ಚಿಕೊಂಡು ಅಳತೆ ಹೇಳಿ ಬಂದಿದ್ದೀನಿ!"

"ಬಿಟ್ಟಿದ್ದೀನಿ ಅಂತ ಒಂದು ಮಾತು ಹೇಳಬಾರದಾ?"

"ಕಳೀತೀನಿ ಅಂತ ನೀನು ಹೇಳಬಾರದಾ?"

ಒಬ್ಬರ ಮರ್ಯಾದೆ ಇನ್ನೊಬ್ಬರು ಉಳಿಸಲು ಹೋಗಿ ನಡುವೆ ಬಾಗಿಲು ಲಗಾಡಿ ಎದ್ದಿತ್ತು. ಬಡಗಿ ಹಣೆ ಚಚ್ಚಿಕೊಂಡು ಗಿಡ್ಡ ಹೊಸ್ತಿಲನ್ನು ಎಳೆದು ಪಕ್ಕಕ್ಕಿಟ್ಟ. ಕಂಬಗಳ ನಡುವೆ ಬರೀ ಹಳ್ಳ ಉಳಿಯಿತು. ಇದೆಲ್ಲ ನೋಡಿ ಪರಮಾನಂದಪಟ್ಟವನು ನಮ್ಮ ಅಣ್ಣ.

"ಬೆಟ್ಟದ ದಾರೀಲಿ ಬಸ್ಸಿನ ಟೈರಿಗೂ ಪ್ರಪಾತಕ್ಕೂ ನಡುವೆ ಎರಡು ಬೆರಳು ಬಿಟ್ಟು ಓಡಿಸಿದವನು ನಾನು. ನೀವಿಬ್ಬರು ಸೇರಿ ಒಂದು ಹಲಗೆ ಅಳೆಯೋಕಾಗಲಿಲ್ಲ!" ಎಂದು ತೊಡೆ ತಟ್ಟಿ ನಕ್ಕ.

ಬಡಗಿಗೆ ಪಿತ್ತ ನೆತ್ತಿಗೇರಿತು. "ಯಜಮಾನ್ರೇ, ನಗಬೇಡಿ. ಮೊದಲು ಈ ಮರ ಕೊಳೆತಿದ್ದು ಯಾರಿಂದ ಹೇಳಿ. ಎಡ ಅರ್ಧ ಕಲ್ಲಿನ ಹಾಗಿದೆ. ಬಲ ಅರ್ಧ ಮಾತ್ರ ಗೊಬ್ಬರ. ಬಲಗಡೆ ಏನಿದೆ ನೋಡಿ."

ಬಲಗಡೆ, ಹೊರಗೆ ಕಿಟಕಿಯ ಕೆಳಗೆ, ಅಣ್ಣನ ಹೂಕುಂಡವಿತ್ತು. ಅದರಲ್ಲಿ ಒಂದು ಗಿಡ. ಹೂ ಬಿಡುತ್ತದೆಂದು ತಂದದ್ದು. ಬಿಡುವ ಯೋಚನೆ ಗಿಡಕ್ಕಿರಲಿಲ್ಲ. ಅಣ್ಣ ಅದಕ್ಕೆ ದಿನವೂ ಎರೆಯುತ್ತಿದ್ದ ನೀರಿನಲ್ಲಿ ಒಂದು ಆನೆಗೆ ಸ್ನಾನ ಮಾಡಿಸಿ ಮರಿಗೂ ಉಳಿಸಬಹುದಿತ್ತು. ಬಿದ್ದ ಮೇಲೆಯೂ ಬಿಡಲಿಲ್ಲ. ಕಿಟಕಿಯ ಸರಳುಗಳ ಸಂದಿಯಿಂದ ಮಗ್ಗಿನಲ್ಲಿ ಸುರಿಯುತ್ತಿದ್ದ.

"ನೀರೆಲ್ಲ ಕುಂಡದ ತಳದಿಂದ ಸೀದಾ ಹೊಸ್ತಿಲ ಅಡಿಗೇ ಬಂದಿದೆ," ಅಂದ ಬಡಗಿ. "ಹೊಸ್ತಿಲನ್ನ ಕೊಂದಿದ್ದು ನೀವೇ."

ಕುರ್ಚಿ ಹಿಂದಕ್ಕೆ ಸರಿಯಿತು. ಅಣ್ಣ ಎದ್ದ. "ನಾನಾ? ನನ್ನ ಕಾಲು ಮುರಿದ ಹೊಸ್ತಿಲನ್ನ ನಾನೇ ಕೊಂದೆನಾ? ನೀರು ಹರಿಯೋದು ಬೀದಿ ಕಡೆಗೆ! ರಸ್ತೆ ಇಳಿಜಾರು ನೋಡೋಕೆ ನನಗೆ ಹೇಳಿಕೊಡ್ತೀಯಾ?"

"ಹೊಸ್ತಿಲ ಕಡೆಗೆ!"

"ಬೀದಿ ಕಡೆಗೆ ಅಂತೀನಿ! ಇರು, ತೋರಿಸ್ತೀನಿ!"

ಮಗ್ಗು ತುಂಬಿಸಿಕೊಂಡ. ಪೈಜಾಮ ಮೊಣಕಾಲಿಗೆ ಎತ್ತಿದ. ಅಡ್ಡಪಟ್ಟಿಯ ಕೆಳಗೆ ತಲೆ ತಗ್ಗಿಸಿ, ಹಳ್ಳವನ್ನು ಒಂದೇ ದಾಪುಗಾಲಿಗೆ ದಾಟಿ, ಬೀದಿಗಿಳಿದು ಕುಂಡದ ಮುಂದೆ ನಿಂತ. ನನ್ನ ಕಣ್ಣು ಇಷ್ಟಗಲ ಆಯಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ನನ್ನ ತೋಳು ಹಿಡಿದು ಹಿಂಡಿದರು. ಅವರ ಉಗುರಿನ ಗುರುತು ಇನ್ನೂ ಇದೆ, ಬೇಕಾದವರು ಬಂದು ನೋಡಬಹುದು.

ಅಣ್ಣ ನೀರು ಸುರಿದ. ನೀರು ಕುಂಡ ತುಂಬಿ, ತಳದಿಂದ ಹೊರಬಂದು, ಒಂದು ಕ್ಷಣ ಯೋಚಿಸಿದಂತೆ ನಿಂತು, ತವರಿಗೆ ಹೊರಟ ಮಗಳ ಹಾಗೆ ಅತ್ತಿತ್ತ ನೋಡದೆ ಹೊಸ್ತಿಲ ಹಳ್ಳಕ್ಕೆ ಹರಿಯಿತು.

"ಹಾಂ," ಅಂದ ಬಡಗಿ.

ಅಣ್ಣ ನೀರನ್ನು ನೋಡಿದ. ಹಳ್ಳವನ್ನು ನೋಡಿದ. ಹಳ್ಳದ ಆಚೆ ನಿಂತಿದ್ದ ಹೆಂಡತಿಯನ್ನು ನೋಡಿದ. ಆಗ ತನ್ನ ಕಾಲಡಿಯಲ್ಲಿರುವುದು ಬೀದಿ ಎಂಬುದು ಅವನಿಗೆ ಹೊಳೆಯಿತು. ಮಗ್ಗು ಕೈಯಿಂದ ಜಾರಿ ಉರುಳಿತು. ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡ.

"ನಾನು... ಹೊರಗೆ ಬಂದೆನಾ?"

"ಇಲ್ಲ, ಮನೆ ಒಳಗೆ ಹೋಯ್ತು," ಅಂದೆ ನಾನು. ಅತ್ತಿಗೆ ಈ ಸಲ ಇನ್ನೊಂದು ತೋಳು ಹಿಂಡಿದರು.

"ಒಳಗೆ ಹೋಗಬೇಕು. ಏನೇ, ಆ ಇಸ್ತ್ರಿ ಹಲಗೆ ಹಾಕು," ಅಂದ ಅಣ್ಣ. ದನಿ ಸಣ್ಣಗಾಗಿತ್ತು.

"ನೀವೇನು ಷರ್ಟಾ?" ಅಂದರು ಅತ್ತಿಗೆ. ಆಮೇಲೆ ಬಡಗಿಯ ಕಡೆ ತಿರುಗಿದರು. "ಲೋ, ಬೇಗ ಕೂರಿಸು ಇದನ್ನ. ಗಿಡ್ಡ ಆದ್ರೆ ಏನಾಯ್ತು? ತೋಳು ಗಿಡ್ಡ ಆದ್ರೆ ನಾನು ಅಂಗಿ ಬಿಸಾಕ್ತೀನಾ? ತುಂಡು ಸೇರಿಸ್ತೀನಿ."

"ಮರಕ್ಕೆ ತೇಪೆನಾ ಅಕ್ಕಾ? ಜನ ಏನಂತಾರೆ?"

"ತೇಪೆ ಕಾಣದ ಹಾಗೆ ಹಾಕೋನು ಕೆಲಸಗಾರ. ಕಂಡ್ರೆ ಅನ್ಕೊಳ್ಳಲಿ. ಪ್ಯಾಂಟಿನ ಎಡಗಾಲು ಇನ್ನೂ ನನ್ನ ಕೈಲೇ ಇದೆ."

ಬಡಗಿ ಕೊಟ್ಟಿಗೆಗೆ ಓಡಿಹೋಗಿ ಅದೇ ಜಾತಿಯ ಮರದ ತುಂಡು ತಂದ. ಅವನು ಓಡಿದ್ದನ್ನು ಬೀದಿ ಮೊದಲ ಸಲ ಕಂಡಿತು. ಎಲ್ಲಿ ಬೆಂಕಿ ಬಿತ್ತೆಂದು ಜನ ಹೊರಗೆ ಬಂದರು. ಹೊಸ್ತಿಲ ಬಲತುದಿಯನ್ನು ಮೆಟ್ಟಿಲಿನ ಹಾಗೆ ಅರ್ಧ ದಪ್ಪಕ್ಕೆ ಕೊರೆದ. ತುಂಡನ್ನೂ ಹಾಗೆಯೇ ಕೊರೆದು, ಒಂದರ ಮೇಲೊಂದು ಕೂರಿಸಿ, ಅಂಟು ಹಾಕಿ, ಸ್ಕ್ರೂ ಬಿಗಿದ. ಆ ಹೊತ್ತಿಗೆ ನಾನು ಅಣ್ಣನ ಕೈಹಿಡಿದು ಬೆಂಚಿನ ಕಡೆ ನಡೆಸಿದ್ದೆ. ಬಾಗಿಲಲ್ಲಿ ಬಡಗಿ ಅಡ್ಡ ಕೂತಿದ್ದಾನೆ, ನಿಂತುಕೊಂಡು ಏನು ಮಾಡುವುದು ಎಂದು ಅವನೂ ಬಂದ. ಮೊದಲು ಗೋಡೆ ಹಿಡಿದು ನಡೆದ, ಆಮೇಲೆ ನನ್ನನ್ನು ಹಿಡಿದು, ಆಮೇಲೆ ಬರೀ ಬೈಯುತ್ತ.

ಬೆಂಚಿನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ಒಬ್ಬ ಮುದುಕ, "ಬಸ್ಸು ಲೇಟು. ಟಿಕೆಟ್ ತಗೊಂಡು ಗಡ್ಡ ಬಂತು ನಮಗೆ," ಅಂದ. ಇನ್ನೊಬ್ಬ, ನೀರು ಯಾವ ಕಡೆ ಹರಿಯಿತಂತೆ ಎಂದು ಕೇಳಿದ. ಸುದ್ದಿ ನಮಗಿಂತ ಮುಂಚೆ ಬಂದು ಕೂತಿತ್ತು. ಅಣ್ಣ ಸುಮ್ಮನಿರಲಿಲ್ಲ. ರಸ್ತೆ ಹಾಕಿದವರ ತಪ್ಪು, ಕುಂಡ ಮಾಡಿದವರ ತಪ್ಪು, ನೀರಿಗೇ ದಾರಿ ಗೊತ್ತಿಲ್ಲ ಎಂದು ಕತ್ತಲಾಗುವ ತನಕ ವಾದ ಮಾಡಿದ. ಅವನ ದನಿ ಬೀದಿಯ ಆ ತುದಿಗೆ ಕೇಳುತ್ತಿತ್ತು. ಆ ತುದಿಯಲ್ಲಿ ಹೊಲಿಗೆ ಯಂತ್ರದ ಸದ್ದು ಎಲ್ಲಿಯೂ ತಡೆಯದೆ ಓಡುತ್ತಿತ್ತು. "ನಾಳೆ ಬಂದು ಮಿಕ್ಕಿದ್ದು ಹೇಳ್ತೀನಿ, ಯಾರೂ ತಪ್ಪಿಸ್ಕೊಬೇಡಿ!" ಎಂದು ಬೆಂಚಿಗೆ ಎಚ್ಚರಿಕೆ ಕೊಟ್ಟು ಎದ್ದ.

ನಾವು ಬರುವ ಹೊತ್ತಿಗೆ ಬಾಗಿಲು ಕೀಲಿಗೆ ಮರಳಿತ್ತು. ಕುಂಡ ಬೀದಿಯ ಆಚೆ ಬದಿಗೆ ಗಡಿಪಾರಾಗಿತ್ತು. ಬಡಗಿ ಹೊಸ ಪ್ಯಾಂಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟಿದ್ದ. ಎರಡೂ ಕಾಲು ಇದ್ದವು. ಹೊಸ್ತಿಲ ತೇಪೆ ದೀಪ ಹಿಡಿದು ಹುಡುಕಿದರೂ ಸಿಗಲಿಲ್ಲ.

ಅಣ್ಣ ಅದರ ಮುಂದೆ ಬಂದು ನಿಂತ. ಕಾಲ ಹೆಬ್ಬೆರಳಿನಿಂದ ಮುಟ್ಟಿದ. ಕಾಲು ಹಿಂದಕ್ಕೆ ತೆಗೆದ. ನಾನು ಅದರ ಮೇಲೆ ಹತ್ತಿ ಕುಣಿದು ತೋರಿಸಿದೆ. ನನ್ನ ಭಾರಕ್ಕೆ ಸೇತುವೆಗಳೇ ನರಳುತ್ತವೆ, ಹೊಸ್ತಿಲು ಕಿರಕ್ಕೆನ್ನಲಿಲ್ಲ. ಅಣ್ಣ ತಲೆಯಾಡಿಸಿ ಕಿಟಕಿಗೆ ಬೆನ್ನು ಕೊಟ್ಟು ಬೀದಿಯಲ್ಲೇ ನಿಂತ.

ನಾನು ಒಳಗೆ ಹೋದೆ. ಅತ್ತಿಗೆ ನೀಲಿ ಅಂಗಿಯ ಪಕ್ಕಗಳಿಗೆ ಹಾಕಿದ್ದ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಬಿಚ್ಚುತ್ತಿದ್ದರು. ಅಡುಗೆಮನೆಯಿಂದ ಬಿಸಿ ಊಟದ ವಾಸನೆ ಬರುತ್ತಿತ್ತು.

"ಅತ್ತಿಗೆ, ಇಷ್ಟೆಲ್ಲ ಮಾಡಿ ಏನು ಬಂತು?" ಅಂದೆ. "ಇಷ್ಟು ದಿನ ಹೊರಗೆ ಬರಲ್ಲ ಅಂತಿದ್ದ. ಈಗ ಒಳಗೆ ಬರಲ್ಲ ಅಂತ ನಿಂತಿದ್ದಾನೆ. ಇವನನ್ನ ಹೇಗೆ ಕರ್ಕೊಂಡು ಬರ್ತೀರಿ?"

ಅತ್ತಿಗೆ ಬ್ಲೇಡಿನಿಂದ ಕಣ್ಣೆತ್ತಲಿಲ್ಲ.

"ಹೊರಗೆ ಕಳಿಸೋದಷ್ಟೇ ಕಣಪ್ಪಾ ನನ್ನ ಕೆಲಸ ಆಗಿತ್ತು. ಒಳಗೆ ಕರ್ಕೊಂಡು ಬರೋದನ್ನ ಅವರ ಹೊಟ್ಟೆ ನೋಡ್ಕೊಳ್ಳುತ್ತೆ. ನೀನು ಹೊರಡು, ನೀನಿದ್ರೆ ಅದಕ್ಕೂ ನಾಚಿಕೆ."